ಪಾಸ್: ಸೊನ್ನೆಯಿಂದ ಹದಿನಾರು

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಈ ಎಪ್ಪತ್ತೊಂದು ವರ್ಷಗಳಲ್ಲಿ ನನ್ನ ಕೈಯಲ್ಲಿ ಇದ್ದದ್ದನ್ನು, ಯಾರೂ ಕೇಳದೆ, ಇದೆ ಎಂದು ನಾನಾಗಿ ಹೇಳಿದ್ದು ಒಂದೇ ಸಲ. ಅದೂ ಹೋದ ತಿಂಗಳು. ಅದೂ ತಪ್ಪಾಯಿತು. ಆ ಕಥೆಯನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ನೀವು ಮೊಮ್ಮಕ್ಕಳು ಕನ್ನಡ ಕೇಳಿದರೆ ತಿಳಿದುಕೊಳ್ಳುತ್ತೀರಿ, ಓದಲು ಬರುವುದಿಲ್ಲ. ಆದ್ದರಿಂದ ನನ್ನ ಮಗಳು ವೀಣಾ ಇದನ್ನು ನಿಮಗೆ ಓದಿ ಹೇಳಬೇಕು. ಓದುವಾಗ ಅವಳು ನಡುವೆ ನಿಲ್ಲಿಸಿ ಮೂಗು ಒರೆಸಿಕೊಂಡರೆ ನೆಗಡಿ ಎಂದು ತಿಳಿಯಿರಿ.

ಈ ಸಂಕೋಚ ನನಗೆ ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲೇ ಅಂಟಿಕೊಂಡದ್ದು. ಮಾಸ್ತರರು "ಹದಿನೇಳರ ಮಗ್ಗಿ ಯಾರಿಗೆ ಬರತದ?" ಎಂದು ಕೇಳಿದರೆ ನನಗೆ ಬರುತ್ತಿತ್ತು, ಆದರೆ ಕೈ ಲಂಗದ ಕೆಳಗೆ ಭದ್ರವಾಗಿ ಇರುತ್ತಿತ್ತು. ಮನೆಯಲ್ಲಿ ಅವ್ವ ಅದಕ್ಕೆ ಇನ್ನಷ್ಟು ಗೊಬ್ಬರ ಹಾಕಿದಳು. ಪರರ ಮನೆಯಲ್ಲಿ ಏನಾದರೂ ಕೊಟ್ಟರೆ ಮೊದಲ ಸಲ "ಬ್ಯಾಡ್ರಿ" ಅನ್ನಬೇಕು. ಎರಡನೆಯ ಸಲ ಕೇಳಿದರೆ "ಯಾಕ್ರಿ ಸುಮ್ನ" ಅನ್ನಬೇಕು. ಮೂರನೆಯ ಸಲ ಕೇಳಿದಾಗ ತಲೆ ತಗ್ಗಿಸಿ ಅರ್ಧ ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚಿದವಳು ಹೊಟ್ಟೆಬಾಕಿ. ಕೊಡುವವರಿಗೂ ಈ ಲೆಕ್ಕ ಗೊತ್ತಿತ್ತು. ಮೂರು ಸಲ ಕೇಳದೆ ಯಾರೂ ತಟ್ಟೆ ಒಳಗೆ ಒಯ್ಯುತ್ತಿರಲಿಲ್ಲ. ಹೀಗಾಗಿ ನಮ್ಮೂರಿನಲ್ಲಿ ನಾಚಿಕೆಯವರು ಯಾರೂ ಹಸಿದುಕೊಂಡು ಇರಲಿಲ್ಲ. ಹಸಿವು ಶುರುವಾದದ್ದು ಭೀಮಾ ನದಿ ದಾಟಿ ಇತ್ತ ಬಂದ ಮೇಲೆ.

ನಿಮ್ಮ ಅಜ್ಜನಿಗೆ ಬ್ಯಾಂಕಿನಲ್ಲಿ ನಾಶಿಕಕ್ಕೆ ವರ್ಗವಾಯಿತು. ಮೂರು ವರ್ಷ ಎಂದು ಬಂದವರು ಇಲ್ಲೇ ಉಳಿದೆವು. ಬಂದ ಹೊಸತರಲ್ಲಿ ಅವರಿಗೆ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಜೋಶಿಯವರ ಸ್ನೇಹವಾಯಿತು. ಜೋಶಿ ದಂಪತಿಗಳಿಬ್ಬರೂ ಬ್ರಿಜ್ ಆಡುವವರು. ಆ ಆಟಕ್ಕೆ ನಾಲ್ವರು ಬೇಕು. ಎದುರುಬದುರು ಕುಳಿತವರು ಜೋಡಿ. ನಾಲ್ಕನೆಯವರು ಸಿಗದೆ ಮೂವರೂ ನನ್ನತ್ತ ನೋಡಿದರು. ನಾನು "ಬ್ಯಾಡ್ರಿ" ಎಂದೆ. ನಿಮ್ಮ ಅಜ್ಜ ಇನ್ನೆರಡು ಸಲ ಕೇಳಿದರು. ಹೀಗೆ ನಾನು ಬ್ರಿಜ್ ಕಲಿತೆ.

ಕಲಿಸಿದ್ದು ಅಡಿಗೆಮನೆಯಲ್ಲಿ, ನಾನು ಶೇಂಗಾ ಹುರಿಯುವಾಗ. ಒಬ್ಬೊಬ್ಬರಿಗೆ ಹದಿಮೂರು ಎಲೆ, ನಾಲ್ವರೂ ಒಂದೊಂದು ಇಳಿಸಿದರೆ ಒಂದು ಪಟ್ಟು. ಎಕ್ಕಕ್ಕೆ ನಾಲ್ಕು ಅಂಕ, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಆಡುವ ಮೊದಲು ಸವಾಲು ಹಾಕಬೇಕು: ಇಸ್ಪಿಕ್, ಬದಾಮ್, ಚೌಕಟ್, ಕಿಲ್ವರ್ ಈ ನಾಲ್ಕರಲ್ಲಿ ಇಂಥ ಜಾತಿಯನ್ನು ತುರುಪು ಮಾಡಿ ಇಷ್ಟು ಪಟ್ಟು ಹಿಡಿಯುತ್ತೇವೆ ಎಂದು. ಒಬ್ಬರ ಎಲೆ ಒಬ್ಬರು ನೋಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಸವಾಲಿನ ಮಾತಿನಲ್ಲೇ ಎದುರಿನವರಿಗೆ ನಮ್ಮ ಕೈ ತಿಳಿಯಬೇಕು. ಹನ್ನೆರಡು ಹದಿಮೂರು ಅಂಕವಿದ್ದರೆ ಬಾಯಿ ತೆರೆಯಬೇಕು, ಇಲ್ಲದಿದ್ದರೆ ಪಾಸ್ ಅನ್ನಬೇಕು.

ಇದರಲ್ಲಿ ಕೆಲವು ಮಾತಿಗೆ ಕನ್ವೆನ್ಶನ್ ಎನ್ನುತ್ತಾರೆ. ಅಂದರೆ ಬಾಯಲ್ಲಿ ಒಂದು, ಅರ್ಥ ಇನ್ನೊಂದು, ಜೋಡಿಯವರು ಮೊದಲೇ ಮಾತಾಡಿಕೊಂಡದ್ದು. "ಎರಡು ಕಿಲ್ವರ್" ಎಂದರೆ ನನ್ನಲ್ಲಿ ಕಿಲ್ವರ್ ಇದೆ ಎಂದಲ್ಲ, ನಿನ್ನಲ್ಲಿ ಇಸ್ಪಿಕ್ ಅಥವಾ ಬದಾಮ್ ನಾಲ್ಕಿವೆಯೇ ಎಂಬ ಪ್ರಶ್ನೆ. "ನಾಲ್ಕು ನೋಟ್ರಂಪ್" ಎಂದರೆ ಎಕ್ಕ ಎಷ್ಟಿವೆ ಹೇಳು ಎಂದು. ಬಾಂಬೆಯಲ್ಲಿ ಕಲಿತ ಜೋಶಿಯವರ ಹೆಂಡತಿ ವಹಿನಿಗೇ ಇದು ತಲೆಗೆ ಹತ್ತಲು ಆರು ತಿಂಗಳಾಯಿತಂತೆ. ನನಗೆ ಒಂದು ವಾರ. ಯಾಕೆಂದರೆ ನಾನು ಹದಿನಾಲ್ಕು ವರ್ಷ ಅತ್ತೆಯ ಜೊತೆ ಇದ್ದವಳು. ಅವರು "ಹಾಲು ಒಡದದ ಏನು?" ಎಂದರೆ ಚಹಾ ಬೇಕು. "ಇವತ್ತು ಭಾಳ ಕೆಲಸ ಆತಲ್ಲ ನಿನಗ" ಎಂದರೆ ಕಾಲು ಒತ್ತು. "ನಿಮ್ಮ ತವರಾಗ ಹಿಂಗ ಮಾಡತಾರೇನು?" ಎಂದರೆ ಸಾರು ಚೆನ್ನಾಗಿಲ್ಲ. ಅವರ ಮುಂದೆ ಬ್ರಿಜ್ಜಿನ ಕನ್ವೆನ್ಶನ್‌ಗಳು ಅಂಗನವಾಡಿಯ ಪಾಠ.

ಕನ್ವೆನ್ಶನ್ ಎಲ್ಲ ಬಂದವು. ಬರದೇ ಹೋದದ್ದು ಒಂದೇ: ಬಾಯಿ ತೆರೆಯುವುದು. ಹದಿನಾಲ್ಕು ಅಂಕ ಹಿಡಿದುಕೊಂಡು ನಾನು ಪಾಸ್ ಅನ್ನುತ್ತಿದ್ದೆ. ಎಲೆಗಳನ್ನು ಎದೆಗೆ ಒತ್ತಿಕೊಂಡು ಕೂತಾಗ ಅವು ಮೂರು ಸಲ ಕೇಳಿದ ಮೇಲೆ ಬಡಿಸಬೇಕಾದ ಸಿಹಿಯಂತೆ ಕಾಣುತ್ತಿದ್ದವು. ಆಟ ಮುಗಿದು ಎಲೆ ಬಿಚ್ಚಿದಾಗ ನಿಮ್ಮ ಅಜ್ಜನ ಮುಖ ನೋಡಬೇಕಿತ್ತು.

"ಏ ಮಾರಾಯ್ತಿ, ಎರಡು ಎಕ್ಕ, ಎರಡು ರಾಜ ಇಟ್ಕೊಂಡು ಪಾಸ್ ಅಂದಿ? ಇದೇನು ಮದವಿ ಮನಿ ಅಂತ ತಿಳಿದಿಯೇನು?"

"ನೀವು ಕೇಳಲಿಲ್ಲಲ್ರಿ."

"ಬ್ರಿಜ್ಜಿನಾಗ ಕೇಳೂದಿಲ್ಲ, ಹೇಳೂದು!"

ಜೋಶಿಯವರು ನಕ್ಕು ನಕ್ಕು ಶೇಂಗಾ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ವರ್ಷ ಎರಡು ವರ್ಷ ಬೈದು ಸುಸ್ತಾಗಿ ನಿಮ್ಮ ಅಜ್ಜ ಬೇರೆ ದಾರಿ ಹಿಡಿದರು. ನಾನು ಪಾಸ್ ಅಂದರೂ ಅವರು, ಕೈಯಲ್ಲಿ ಹೆಚ್ಚೇನೂ ಇಲ್ಲದಿದ್ದರೂ, ಬಾಯಿ ತೆರೆದು "ಒಂದು ಇಸ್ಪಿಕ್" ಎಂದೋ ಇನ್ನೇನೋ ಹೇಳಿ ನನಗೆ ಎರಡನೆಯ ಅವಕಾಶ ಕೊಡುತ್ತಿದ್ದರು. ಎರಡನೆಯ ಸಲಕ್ಕೆ ನನ್ನ ನಾಲಿಗೆ ಸಡಿಲವಾಗುತ್ತಿತ್ತು. ನಮ್ಮ ಜೋಡಿ ಗೆಲ್ಲತೊಡಗಿತು. ಪಟ್ಟಾಗಿ ಕೂತು ಮಾತಾಡಿಕೊಂಡದ್ದಲ್ಲ ಇದು. ಸಂಸಾರದಲ್ಲಿ ಎಷ್ಟೋ ಒಪ್ಪಂದಗಳು ಹೀಗೇ ಆಗುತ್ತವೆ.

ಅವರು ನಿವೃತ್ತರಾದ ವರ್ಷ ಸಂಭಾಜಿನಗರದಲ್ಲಿ ಜೋಡಿ ಬ್ರಿಜ್ಜಿನ ಪಂದ್ಯಕ್ಕೆ ಹೋದೆವು. ಅಲ್ಲಿ ಬಾಯಿಂದ ಹೇಳುವಂತಿಲ್ಲ. ಪ್ರತಿಯೊಬ್ಬರ ಮುಂದೆ ಸವಾಲಿನ ಚೀಟಿಗಳ ಡಬ್ಬಿ ಇರುತ್ತದೆ, ಬೇಕಾದದ್ದನ್ನು ತೆಗೆದು ಮೇಜಿನ ಮೇಲೆ ಇಡಬೇಕು. ಪಾಸಿನದು ಹಸಿರು ಚೀಟಿ. ಮೂರನೆಯ ಮೇಜಿನಲ್ಲಿ ಎದುರಾಳಿಯಾಗಿ ಒಬ್ಬ ಕಟ್ಟುನಿಟ್ಟಿನ ಬಾಯಿ, ಅಂದರೆ ಮರಾಠಿ ಹೆಂಗಸು, ಕೂತಿದ್ದರು. ನಾನು ಹಸಿರು ಚೀಟಿ ಇಟ್ಟೆ. ನಿಮ್ಮ ಅಜ್ಜ ಎಂಟು ಅಂಕದಲ್ಲಿ ಸವಾಲು ಹಾಕಿದರು. ಆಮೇಲೆ ನಾನು ನೇರ ನಾಲ್ಕಕ್ಕೆ ಹಾರಿದೆ. ಆ ಹೆಂಗಸಿಗೆ ಸಂಶಯ ಬಂತು. ಜೋಡಿಯ ಒಳಗುಟ್ಟು ಏನೇ ಇದ್ದರೂ ಎದುರಾಳಿ ಕೇಳಿದರೆ ಹೇಳಲೇಬೇಕು ಎಂಬುದು ಆಟದ ನಿಯಮ. ಅವರು ನಿಮ್ಮ ಅಜ್ಜನನ್ನು ಕೇಳಿದರು: "ನಿಮ್ಮ ಮಿಸೆಸ್‌ರ ಪಾಸಿನ ಅರ್ಥವೇನು?"

ನಿಮ್ಮ ಅಜ್ಜ ಸುಳ್ಳು ಹೇಳುವವರಲ್ಲ. ಕನ್ನಡಕ ತೆಗೆದು ಒರೆಸಿ ಮರಾಠಿಯಲ್ಲಿ ಶಾಂತವಾಗಿ ಹೇಳಿದರು: "ಬಾಯಿ, ಇವಳ ಪಾಸ್ ಅಂದರೆ ಕೈಯಲ್ಲಿ ಏನೂ ಇಲ್ಲ ಎಂದಲ್ಲ. ಇನ್ನೊಮ್ಮೆ ಕೇಳಿದರೆ ಹೇಳುತ್ತೇನೆ ಎಂದು."

ಮೇಲ್ವಿಚಾರಕರು ಬಂದರು. ಅಕ್ಕಪಕ್ಕದ ಮೇಜಿನವರು ಕತ್ತು ಚಾಚಿದರು. ಇಂಥ ಒಪ್ಪಂದ ಇದ್ದರೆ ಜೋಡಿಯ ಕನ್ವೆನ್ಶನ್ ಚೀಟಿಯಲ್ಲಿ ಬರೆದಿರಬೇಕು, ಬರೆಯದೆ ಆಡಿದ್ದು ತಪ್ಪು ಎಂದು ತೀರ್ಮಾನವಾಯಿತು. ಆ ಕೈಯ ಅಂಕ ನಮ್ಮಿಂದ ಕಿತ್ತುಕೊಂಡರು. ನಿಮ್ಮ ಅಜ್ಜ ಜೇಬಿನಿಂದ ಪೆನ್ನು ತೆಗೆದು ಅಲ್ಲೇ, ಎಲ್ಲರೆದುರು, ಚೀಟಿಯಲ್ಲಿ ಬರೆದರು: "ಹೆಂಡತಿಯ ಪಾಸ್: ಸೊನ್ನೆಯಿಂದ ಹದಿನಾರು ಅಂಕ. ಕಾರಣ: ಸಂಕೋಚ." ಕನ್ನಡದಲ್ಲೊಮ್ಮೆ, ಕೆಳಗೆ ಇಂಗ್ಲಿಷಿನಲ್ಲೊಮ್ಮೆ. ಸಭಾಗೃಹವೆಲ್ಲ ನಕ್ಕಿತು. ಆ ಬಾಯಿಯೂ ನಕ್ಕರು. ನನಗೆ ಮೇಜಿನ ಕೆಳಗೆ ಇಳಿದುಹೋಗಬೇಕು ಎನಿಸಿತು.

ಮರಳುವ ಬಸ್ಸಿನಲ್ಲಿ ನಾನು ಮಾತು ಬಿಟ್ಟೆ. ಅವರು ಮಾತ್ರ ಪದಕ ಗೆದ್ದವರಂತೆ ಸಿಳ್ಳೆ ಹಾಕುತ್ತಿದ್ದರು. ಪೈಠಣಿ ಸೀರೆಗೆ ಹೆಸರಾದ ಯೇವಲಾದಲ್ಲಿ ಬಸ್ಸು ನಿಂತಿತು. "ಪೈಠಣಿ ನೋಡೂಣೇನು?" ಎಂದರು. "ಬ್ಯಾಡ್ರಿ" ಎಂದೆ. "ಖರೇನ ಬ್ಯಾಡೇನು?" ಎಂದರು. "ಯಾಕ ಸುಮ್ನ" ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ನನ್ನ ಚೀಲ ಎತ್ತಿಕೊಂಡು ಬಸ್ಸಿನಿಂದ ಇಳಿದುಬಿಟ್ಟರು. ಚೀಲದ ಹಿಂದೆ ನಾನೂ ಇಳಿಯಲೇಬೇಕಾಯಿತು. ಬದನೆಕಾಯಿ ಬಣ್ಣದ, ನವಿಲಿನ ಸೆರಗಿನ ಆ ಸೀರೆ ನೀವು ನೋಡಿದ್ದೀರಿ. ಆ ಚೀಟಿ ಅದರ ಮಡಿಕೆಯಲ್ಲೇ ಇದೆ.

ಇಲ್ಲಿಯವರೆಗೆ ನಗಲಿಕ್ಕೆ. ಮುಂದಿನದು ಹೇಗೆ ಬರೆಯಬೇಕೋ ತಿಳಿಯದೆ ಎರಡು ದಿನ ಪುಸ್ತಕ ಮುಚ್ಚಿಟ್ಟಿದ್ದೆ.

ಮೂರು ವರ್ಷದ ಹಿಂದೆ ನಿಮ್ಮ ಅಜ್ಜನಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯತೊಡಗಿತು. ತಪಾಸಣೆ ಆಯಿತು. ನಾಶಿಕದ ಡಾಕ್ಟರರ ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಡಾಕ್ಟರರು, ನಿಮ್ಮ ಅಜ್ಜ, ಸಂಭಾಜಿನಗರದಿಂದ ಬಂದಿದ್ದ ನನ್ನ ಮಗ ಗಿರೀಶ, ನಾನು. ಆಪರೇಷನ್ ಮಾಡಿಸಬಹುದು, ಗುಳಿಗೆಯ ಮೇಲೂ ಇರಬಹುದು, ಎರಡರಲ್ಲೂ ಅಪಾಯವಿದೆ, ನೀವೇ ವಿಚಾರ ಮಾಡಿ ಹೇಳಿ ಎಂದರು ಡಾಕ್ಟರರು. ಗಿರೀಶ "ಬಾಬಾ, ನಿಮ್ಮ ಮರ್ಜಿ" ಎಂದ. ನಿಮ್ಮ ಅಜ್ಜ ನನ್ನತ್ತ ತಿರುಗಿದರು.

"ಏನಂತಿ?"

ನನ್ನ ಕೈ ತುಂಬಿತ್ತು, ಮಕ್ಕಳೇ. ಇವತ್ತೇ ಮಾಡಿಸಿರಿ, ನನ್ನ ಬಳೆ ಮಾರಿದರೂ ಚಿಂತೆಯಿಲ್ಲ, ನಾನು ಹೊರಗೆ ಕೂತಿರುತ್ತೇನೆ ಎಂಬ ಮಾತೆಲ್ಲ ಗಂಟಲಿನವರೆಗೆ ಬಂದಿತ್ತು. ಬಾಯಿಂದ ಬಂದದ್ದು: "ನಿಮಗ ಹೆಂಗ ಅನಸ್ತದ ಹಂಗ ಮಾಡ್ರಿ."

ಹೇಳಿ, ಎರಡನೆಯ ಸಲ ಕೇಳಲಿ ಎಂದು ಕಾದೆ. ನಲವತ್ತೈದು ವರ್ಷ ಕೇಳಿದವರು. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಈಗ ನನಗೆ ಅನಿಸುತ್ತದೆ, ಅವತ್ತು ಅವರಿಗೂ ಹೆದರಿಕೆಯಾಗಿತ್ತು, ಅವರೂ ಯಾರಾದರೂ ಚೀಲ ಎತ್ತಿಕೊಂಡು ಇಳಿಯಲಿ ಎಂದು ಕಾಯುತ್ತಿದ್ದರು. ಆಮೇಲೆ ಡಾಕ್ಟರರತ್ತ ತಿರುಗಿ "ಸದ್ಯ ಗುಳಿಗೆನೇ ಇರಲಿ" ಎಂದರು. ಡಾಕ್ಟರರು ಬರೆದುಕೊಟ್ಟರು.

ಬ್ರಿಜ್ಜಿನಲ್ಲಿ ನಾಲ್ವರೂ ಪಾಸ್ ಅಂದರೆ ಆ ಕೈಯನ್ನು ಆಡುವುದೇ ಇಲ್ಲ. ಎಲೆ ಒಟ್ಟುಗೂಡಿಸಿ ಮುಂದಿನ ಕೈಗೆ ಹೋಗುತ್ತಾರೆ. ಯಾರಿಗೂ ನಷ್ಟವಿಲ್ಲ. ನಮಗೆ ಮುಂದಿನ ಕೈ ಇರಲಿಲ್ಲ. ಎಂಟು ತಿಂಗಳಿಗೆ ಅವರು ಹೋದರು. ಆಪರೇಷನ್ ಆಗಿದ್ದರೆ ಉಳಿಯುತ್ತಿದ್ದರೋ ಎಂದು ಗಿರೀಶ ಕೇಳಿದ್ದಕ್ಕೆ ಡಾಕ್ಟರರು "ಅದನ್ನು ಯಾರೂ ಹೇಳಲಾರರು" ಎಂದರಂತೆ. ನಾನು ಕೇಳಲಿಲ್ಲ. ನಾನು ಏನನ್ನೂ ಕೇಳುವವಳಲ್ಲ ಎಂಬುದು ನಿಮಗೆ ಈಗಾಗಲೇ ತಿಳಿದಿದೆ.

ಇನ್ನು ಈ ವರ್ಷದ ಕಥೆ. ಗಿರೀಶನ ಮಗಳು ಸಾನಿಕಾ ಕಾಲೇಜಿನಲ್ಲಿ ಬ್ರಿಜ್ ಕಲಿತಿದ್ದಾಳೆ. ಸಾನಿಕಾ, ನಿನ್ನ ಮಾತು ನಿನ್ನ ಮುಂದೆಯೇ ಹೇಳುತ್ತಿದ್ದೇನೆ, ಸಿಟ್ಟಾಗಬೇಡ. ಸಂಭಾಜಿನಗರದ ಅದೇ ಪಂದ್ಯಕ್ಕೆ ಎರಡು ವಾರವಿದ್ದಾಗ ಅವಳ ಫೋನ್ ಬಂತು.

"ಅಜ್ಜೀ, ನನ್ನ ಪಾರ್ಟನರ್ ಗೋವಾಕ್ಕ ಹೊಂಟಾಳ. ತೂ ಯೇಶೀಲ ಕಾ? ನನ್ನ ಸಂಗಟ ಆಡ್ಲಿಕ್ಕೆ ಬರ್ತೀ?"

ಹಳೆಯದೆಲ್ಲ ಕಣ್ಣ ಮುಂದೆ ಬಂತು: ಆ ಸಭಾಗೃಹ, ಆ ಹಸಿರು ಚೀಟಿ, ಎದುರಿನ ಕುರ್ಚಿ. "ಬ್ಯಾಡವಾ, ನನಗೆಲ್ಲಿ ಆಗತದ" ಎಂದೆ.

"ಓಕೆ ಅಜ್ಜೀ, ನೋ ಟೆನ್ಶನ್!" ಎಂದು ಅವಳು ಫೋನಿಟ್ಟಳು.

ನಾನು ಎಷ್ಟೋ ಹೊತ್ತು ಫೋನು ಹಿಡಿದುಕೊಂಡೇ ಕೂತಿದ್ದೆ, ಅದು ತಾನಾಗಿ ಇನ್ನೆರಡು ಸಲ ಕೇಳುತ್ತದೇನೋ ಎಂಬಂತೆ. ತಪ್ಪು ಹುಡುಗಿಯದಲ್ಲ. ಅವಳಿಗೆ ಬೇಡ ಎಂದರೆ ಬೇಡ. ಅವ್ವ ಕಲಿಸಿದ ಕನ್ವೆನ್ಶನ್ ನನ್ನಲ್ಲಿ ಉಳಿಯಿತು, ಅದನ್ನು ಓದಬಲ್ಲ ಜೋಡಿ ಹೋಗಿಬಿಟ್ಟರು. ನಾಲ್ಕು ದಿನ ಊಟ ಸೇರಲಿಲ್ಲ. ವೀಣಾ ಆಸಿಡಿಟಿ ಎಂದು ಗುಳಿಗೆ ಕೊಟ್ಟಳು. ಅದನ್ನೂ ಬೇಡ ಅನ್ನದೆ ನುಂಗಿದೆ. ಗುಳಿಗೆ ನುಂಗುವಾಗ ಆ ಡಾಕ್ಟರರ ಕೋಣೆ ನೆನಪಾಯಿತು. ಅವತ್ತೂ ಗುಳಿಗೆಯೇ ಸಾಕು ಎಂದಿದ್ದೆವು. ಐದನೆಯ ದಿನ ನಾನೇ ಸಾನಿಕಾಗೆ ಫೋನ್ ಮಾಡಿದೆ. ಲಾಸಲಗಾಂವ್ ಮಾರುಕಟ್ಟೆಯಲ್ಲಿ ಈರುಳ್ಳಿಯ ಬೆಲೆ ಇಳಿದಿದೆ ಎಂದು ಹೇಳಿ ಇಟ್ಟುಬಿಟ್ಟೆ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿದೆ. ಈರುಳ್ಳಿಯ ಬಗ್ಗೆ ಉಳಿದದ್ದನ್ನೂ ಹೇಳಿದೆ.

ಮೂರನೆಯ ಸಲ ಮಾಡಿದಾಗ ಅವಳೇ ಕೇಳಿದಳು: "ಅಜ್ಜೀ, ಕಾಯ ಝಾಲಂ? ಏನಾಗೇದ? ಕಾಂದಾ ಬಿಟ್ಟು ಹೇಳು."

"ಆಟಕ್ಕ ನಾ ಬರ್ಲೇನು?"

"ನೀನಽ ಬ್ಯಾಡ ಅಂದಿಯಲ್ಲ!"

"ಅದು ಮೊದಲನೇದು, ಖರೇದಲ್ಲ" ಎಂದೆ. ಮತ್ತೆ ಅವ್ವನ ಮೂರು ಸಲದ ಲೆಕ್ಕ, ಅಜ್ಜ ಬರೆದ ಚೀಟಿ ಎಲ್ಲ ಹೇಳಬೇಕಾಯಿತು. ಅವಳು ಎಲ್ಲ ಕೇಳಿ ಮುಗಿಸಿ "ಕಿತೀ ಡೇಂಜರಸ್ ಸಿಸ್ಟಮ್ ಆಹೇ, ಅಜ್ಜೀ" ಎಂದಳು. ಅಷ್ಟರಲ್ಲಿ ತನ್ನ ಜೊತೆ ಬರಲು ಒಪ್ಪಿದ್ದ ಇನ್ನೊಬ್ಬ ಗೆಳತಿಗೆ ಏನೋ ಹೇಳಿ ನನ್ನ ಹೆಸರು ಬರೆಸಿದಳು.

ಪಂದ್ಯದ ದಿನ ಬದನೆಕಾಯಿ ಬಣ್ಣದ ಪೈಠಣಿ ಉಟ್ಟು ಹೋದೆ. ನಿಮ್ಮ ಅಜ್ಜ ಕೂರುತ್ತಿದ್ದ ಕಡೆ ಸಾನಿಕಾ ಕೂತಳು. ಮೊದಲ ಕೆಲವು ಕೈ ಹೇಗೋ ಸಾಗಿದವು. ಆಮೇಲೆ ಆ ಕೈ ಬಂತು. ಎಲೆ ಬಿಚ್ಚಿ ನೋಡಿದರೆ ಹದಿನೈದು ಅಂಕ. ಇಸ್ಪಿಕ್‌ನಲ್ಲಿ ರಾಜ ರಾಣಿ, ಬದಾಮ್‌ನಲ್ಲಿ ರಾಜ ರಾಣಿ, ಚೌಕಟ್‌ನಲ್ಲಿ ರಾಜ ರಾಣಿ. ಮೂರು ಸಂಸಾರ, ಒಂದೂ ಎಕ್ಕವಿಲ್ಲ. ಸಾನಿಕಾ "ಒಂದು ಇಸ್ಪಿಕ್" ಇಟ್ಟಳು. ನಾನು "ಮೂರು ಇಸ್ಪಿಕ್" ಇಟ್ಟೆ. ನಮ್ಮ ಒಪ್ಪಂದದಲ್ಲಿ ಅದಕ್ಕೆ ಹನ್ನೊಂದು ಅಂಕ ಸಾಕು. ಉಳಿದ ನಾಲ್ಕು ಅಂಕವನ್ನು ನಾನು ಎಂದಿನಂತೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಅವಳು "ನಾಲ್ಕು ಇಸ್ಪಿಕ್" ಇಟ್ಟಳು. ಈಗ ನಾನು ಪಾಸ್ ಅಂದರೆ ಅಲ್ಲಿಗೆ ಸವಾಲು ಮುಗಿಯಿತು, ಸುಖವಾದ ಆಟ. ನನ್ನ ಬೆರಳು ಹಸಿರು ಚೀಟಿಯ ಮೇಲೆ ಹೋಗಿ ಕೂತಿತು.

ಆಗ ಕಣ್ಣೆತ್ತಿ ನೋಡಿದೆ. ಸಾನಿಕಾ ನನ್ನನ್ನೇ ನೋಡುತ್ತಿದ್ದಳು, ಮುಖದಲ್ಲಿ ಏನೂ ತೋರಿಸದೆ. ಡಾಕ್ಟರರ ಕೋಣೆಯಲ್ಲಿ ಅವಳ ಅಜ್ಜ ನೋಡಿದ್ದು ಹೀಗೇ. ಇವಳು ಇನ್ನೊಮ್ಮೆ ಕೇಳುವುದಿಲ್ಲ, ಆಟದಲ್ಲಿ ಕೇಳಲು ಬರುವುದೂ ಇಲ್ಲ. ಹೇಳುವುದಿದ್ದರೆ ಇದೇ ಸಲ. ಹಸಿರು ಚೀಟಿ ಬಿಟ್ಟೆ. ಡಬ್ಬಿಯ ಹಿಂದಿನಿಂದ "ಆರು ಇಸ್ಪಿಕ್" ಎಳೆದು ಮೇಜಿನ ಮೇಲೆ ಇಟ್ಟುಬಿಟ್ಟೆ. ಮೊದಲ ಆರು ಪಟ್ಟು ಲೆಕ್ಕಕ್ಕಿಲ್ಲ, ಹಾಗಾಗಿ ಆರು ಎಂದರೆ ಹದಿಮೂರರಲ್ಲಿ ಹನ್ನೆರಡು ಪಟ್ಟು ನಮ್ಮವು ಎಂದು.

ನಾಲ್ಕು ನೋಟ್ರಂಪ್ ಹಾಕಿ ಎಕ್ಕ ಎಷ್ಟಿವೆ ಎಂದು ಮೊದಲು ಕೇಳಬೇಕಿತ್ತು. ಅಡಿಗೆಮನೆಯಲ್ಲಿ ಒಂದೇ ವಾರದಲ್ಲಿ ಕಲಿತದ್ದು ಅದು. ಆದರೆ ಎಪ್ಪತ್ತು ವರ್ಷ ತಡೆದ ಬಾಯಿ ತೆರೆದಾಗ ಅದಕ್ಕೆ ಪ್ರಶ್ನೆ ಕೇಳುವಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಎಡಗಡೆಯ ನಿವೃತ್ತ ಪ್ರೊಫೆಸರರು ಮುಗುಳ್ನಕ್ಕು ಕೆಂಪು ಚೀಟಿ, ಅಂದರೆ ಡಬಲ್, ಇಟ್ಟರು. ಸೋತರೆ ದಂಡ ಹೆಚ್ಚು ಎಂದು ಅದರ ಅರ್ಥ. ಅವರ ಕೈಯಲ್ಲಿ ಬದಾಮ್‌ನ ಎಕ್ಕವೂ ಕಿಲ್ವರ್‌ನ ಎಕ್ಕವೂ ಇದ್ದವು. ಎರಡನ್ನೂ ಒಂದರ ಹಿಂದೊಂದು ಇಳಿಸಿದರು. ಉಳಿದ ಹನ್ನೊಂದು ಪಟ್ಟು ನಮ್ಮವು. ಒಂದು ಪಟ್ಟಿನಿಂದ ಸೋತೆವು.

ಪಂದ್ಯ ಮುಗಿದ ಮೇಲೆ ಒಂದು ಹಾಳೆ ಹಂಚುತ್ತಾರೆ. ಅವತ್ತಿನ ಪ್ರತಿ ಕೈಯ ಎಲ್ಲ ಎಲೆಗಳು ಅದರಲ್ಲಿ ಬಿಚ್ಚಿಟ್ಟಿರುತ್ತವೆ, ಯಾರು ಎಷ್ಟು ಮಾಡಬಹುದಿತ್ತು ಎಂಬುದೂ ಇರುತ್ತದೆ. ಸಾನಿಕಾ ಬೆರಳಿಟ್ಟು ತೋರಿಸಿದಳು.

"ಅಜ್ಜೀ, ಇಲ್ಲಿ ಪಾಸ್ ಅನ್ನೂದ ಬರೋಬರ ಇತ್ತು."

"ಹೌದೇನು?"

"ಹೌದು. ಅಷ್ಟು ವರ್ಷ ಪಾಸ್ ಅಂದಿ, ಇದೊಂದರಾಗ ಅನಲಿಲ್ಲ!" ಎಂದು ಅವಳು ನಗುತ್ತಾ ನನ್ನ ಹೆಗಲ ಮೇಲೆ ತಲೆ ಇಟ್ಟಳು. ನಾನೂ ನಕ್ಕೆ. ನನ್ನ ಕಣ್ಣು ಮಾತ್ರ ಆ ಹಾಳೆಯಲ್ಲಿತ್ತು. ಎಂಥ ಚಂದದ ಹಾಳೆ ಅದು. ಹೀಗೆ ಆಡಿದ್ದರೆ ಹೀಗಾಗುತ್ತಿತ್ತು ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ತಪ್ಪು ನನ್ನದು ಎಂದು ಬರೆದಿದ್ದರೂ ಸರಿ, ಆ ಡಾಕ್ಟರರ ಕೋಣೆಗೂ ಇಂಥದೊಂದು ಹಾಳೆ ಯಾರಾದರೂ ಕೊಟ್ಟಿದ್ದರೆ ಮಡಿಚಿ ಇಟ್ಟುಕೊಳ್ಳುತ್ತಿದ್ದೆ.

ಮರುದಿನ ಸಾನಿಕಾ ನನ್ನನ್ನು ನಾಶಿಕದ ಬಸ್ಸಿಗೆ ಹತ್ತಿಸಿದಳು. ಕಿಟಕಿಯ ಕೆಳಗೆ ನಿಂತು "ಅಜ್ಜೀ, ಮುಂದಿನ ವರ್ಷ ಬರ್ತೀ?" ಎಂದಳು.

"ಬ್ಯಾಡವಾ" ಎಂದೆ. ಬಾಯಿ ತಾನೇ ಅಂದಿತು, ನನ್ನನ್ನು ಕೇಳಲಿಲ್ಲ.

ಅವಳು ಒಂದು ಬೆರಳು ಮಡಚಿ ತೋರಿಸಿದಳು. "ನಂಬರ್ ಒನ್ ಆತು. ಈಗ ನಂಬರ್ ಟೂ. ಬರ್ತೀ?"

ಅಷ್ಟರಲ್ಲಿ ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ಹೊರಟಿತು. ಮೂರನೆಯದಕ್ಕೆ ಸಮಯವಿಲ್ಲ ಎಂದು ತಿಳಿದು ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಬರ್ತೀನಿ!" ಎಂದು ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಸೆರಗು ಹೊದ್ದು ಕೂತವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

ಯೇವಲಾದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಪೈಠಣಿ ಅಂಗಡಿಗಳ ಫಲಕಗಳು ಕಂಡವು. ಯಾರೂ ನನ್ನ ಚೀಲ ಎತ್ತಿಕೊಂಡು ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೆಳಗಿಳಿದು ಒಂದು ಗೊಂಚಲು ಕಪ್ಪು ದ್ರಾಕ್ಷಿ ತಂದಳು. ನೀರು ಹನಿಸುತ್ತಿದ್ದ ಗೊಂಚಲನ್ನು ನನ್ನ ಮುಂದೆ ಹಿಡಿದು "ಘ್ಯಾ ಆಜೀ", ತೊಗೊಳ್ಳಿ ಅಜ್ಜಿ, ಎಂದಳು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

"ನಕೋ" ಎಂದೆ, ನಮ್ಮ "ಬ್ಯಾಡ್ರಿ"ಯ ಮರಾಠಿ.

ಅವಳು ತಲೆಯಾಡಿಸಿ, ನಾಶಿಕ ಬರುವವರೆಗೆ ಒಂದೊಂದಾಗಿ ಎಲ್ಲವನ್ನೂ ತಿಂದು ಮುಗಿಸಿದಳು. ಪಾಪ, ಅವಳಿಗೇನು ಗೊತ್ತು? ನಿಮ್ಮ ಅಜ್ಜ ಬರೆದುಕೊಟ್ಟ ಚೀಟಿ ನನ್ನ ಚೀಲದೊಳಗೆ, ಪೈಠಣಿಯ ಮಡಿಕೆಯಲ್ಲಿತ್ತು.